ಜೇಬಿನ ಚಾಕುವಿನ ಅಲಗು ಹತ್ತು ವರ್ಷ ಬಾಳಬೇಕೆಂದರೆ

ಪ್ರತಿ ವರ್ಷ ಆಯುಧಪೂಜೆಯ ಬೆಳಿಗ್ಗೆ ನಾನು ಜೇಬಿನ ಚಾಕುವನ್ನು ಬಿಡಿಸಿ, ಅಲಗಿನ ಅಗಲವನ್ನು ವರ್ನಿಯರ್ ಹಿಡಿದು ಅಳೆಯುತ್ತೇನೆ. ಹಿಡಿಯಿಂದ ಎರಡು ಸೆಂಟಿಮೀಟರ್ ಮುಂದೆ, ಅಲಗಿನ ಬೆನ್ನಿನ ಮೇಲೆ ಸಣ್ಣದೊಂದು ಗೀರು ಹಾಕಿಟ್ಟಿದ್ದೇನೆ. ಅಳತೆ ಯಾವಾಗಲೂ ಅದೇ ಜಾಗದಲ್ಲಿ. ಬಂದ ಸಂಖ್ಯೆ ಹಳೆಯ ಲೆಕ್ಕದ ಪುಸ್ತಕದ ಕೊನೆಯ ಪುಟಕ್ಕೆ ಹೋಗುತ್ತದೆ. ಕೊಂಡಾಗ 13.1 ಮಿಲಿಮೀಟರ್ ಇತ್ತು. ಆರು ವರ್ಷ ಕಳೆದ ಮೇಲೆ 12.8. ಏಳನೆಯ ವರ್ಷ ಇದ್ದಕ್ಕಿದ್ದಂತೆ 12.0. ಈಗ ಹನ್ನೊಂದು ವರ್ಷ ತುಂಬಿದೆ, 11.8 ಉಳಿದಿದೆ.

ಸವೆದದ್ದು ಒಟ್ಟು 1.3 ಮಿಲಿಮೀಟರ್. ಅದರಲ್ಲಿ 0.8 ಹೋದದ್ದು ಒಂದೇ ಮಧ್ಯಾಹ್ನದ, ಎರಡು ನಿಮಿಷದ ತಪ್ಪಿನಿಂದ. ಆ ಕಥೆ ಮುಂದೆ ಬರುತ್ತದೆ. ಉಳಿದ ಅರ್ಧ ಮಿಲಿಮೀಟರ್ ಹನ್ನೊಂದು ವರ್ಷದ ದುಡಿಮೆಗೆ ಸಂದಿದೆ, ಅದಕ್ಕೆ ನನಗೆ ಬೇಸರವಿಲ್ಲ. ನನ್ನದು ಕೋಲಾರದ ಸುತ್ತಮುತ್ತ ಡ್ರಿಪ್, ಅಂದರೆ ಹನಿ ನೀರಾವರಿ, ಅಳವಡಿಸುವ ಕೆಲಸ. ಒಂದು ದಿನ ಮುಳಬಾಗಿಲು, ಇನ್ನೊಂದು ದಿನ ಶ್ರೀನಿವಾಸಪುರ, ಮತ್ತೊಂದು ದಿನ ಗಡಿ ದಾಟಿ ಚಿಂತಾಮಣಿ. ದಿನಕ್ಕೆ ನಲವತ್ತು ಸಲವಾದರೂ ಚಾಕು ಜೇಬಿನಿಂದ ಹೊರಬರುತ್ತದೆ. ಗಿಡಗಳ ಸಾಲಿಗೆ ನೀರೊಯ್ಯುವ ಲ್ಯಾಟರಲ್ ಪೈಪು ಕತ್ತರಿಸಲು, ಪಿವಿಸಿ ಅಂಚು ಕೆರೆಯಲು, ಮಣ್ಣಿಗೆ ಹೊದಿಸುವ ಮಲ್ಚಿಂಗ್ ಶೀಟು ಸೀಳಲು, ಮಧ್ಯಾಹ್ನ ಸೌತೆಕಾಯಿ ಹೆಚ್ಚಲು. ಇಷ್ಟೆಲ್ಲ ದುಡಿದರೂ ಅಲಗು ವರ್ಷಕ್ಕೆ ಕೂದಲೆಳೆಯಷ್ಟೇ ಸವೆಯುತ್ತದೆ. ಹಾಗಿದ್ದೂ ಬಹಳ ಜನರ ಚಾಕು ಎರಡು ವರ್ಷಕ್ಕೇ ಮೂಲೆ ಸೇರುತ್ತದೆ. ಏಕೆ ಹಾಗಾಗುತ್ತದೆ, ಹಾಗಾಗದಂತೆ ಏನು ಮಾಡಬೇಕು ಎಂಬುದನ್ನು ನಾನು ಮಾಡುವ ಕ್ರಮದಲ್ಲಿಯೇ ಬರೆಯುತ್ತೇನೆ.

ಹಂತ 1: ನಿಮ್ಮ ಕೈಯಲ್ಲಿರುವುದು ಯಾವ ಉಕ್ಕು ಎಂದು ತಿಳಿದುಕೊಳ್ಳಿ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಆಯಸ್ಕಾಂತ ಹಿಡಿದರೆ ಸ್ಟೀಲ್ ನಕಲಿ ಎಂದು ಪಾತ್ರೆ ಅಂಗಡಿಯಲ್ಲಿ ಕೇಳಿರುತ್ತೀರಿ. ಊಟದ ತಟ್ಟೆ, ಲೋಟಗಳ ಮಟ್ಟಿಗೆ ಆ ಮಾತಿನಲ್ಲಿ ಒಂದಿಷ್ಟು ಹುರುಳಿದೆ. ಅವುಗಳಲ್ಲಿ ನಿಕ್ಕಲ್ ಬೆರೆತ, ಆಯಸ್ಕಾಂತಕ್ಕೆ ಅಂಟದ ಉಕ್ಕೇ ಹೆಚ್ಚು. ಚಾಕುವಿನ ಅಲಗಿನ ಸಂಗತಿ ಬೇರೆ. ಕಾಯಿಸಿ ತಣಿಸಿ ಗಟ್ಟಿ ಮಾಡಬಹುದಾದ ಸ್ಟೇನ್‌ಲೆಸ್ ಉಕ್ಕು ಆಯಸ್ಕಾಂತಕ್ಕೆ ಅಂಟಿಯೇ ಅಂಟುತ್ತದೆ. ಅಂಟದ ಅಲಗು ಸಿಕ್ಕರೆ ಅನುಮಾನಪಡಬೇಕಾದದ್ದು ಅದನ್ನೇ.

ಅಲಗಿನ ಗಡಸುತನವನ್ನು ರಾಕ್‌ವೆಲ್ ಸಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ವಜ್ರದ ಮೊನೆಯೊಂದನ್ನು 150 ಕಿಲೋ ಭಾರದಲ್ಲಿ ಉಕ್ಕಿನ ಮೇಲೆ ಒತ್ತಿ, ಅದು ಎಷ್ಟು ಆಳಕ್ಕೆ ಇಳಿಯಿತು ಎಂದು ನೋಡುವ ವಿಧಾನ ಇದು. ಇಳಿದದ್ದು ಕಡಿಮೆಯಾದಷ್ಟೂ ಸಂಖ್ಯೆ ದೊಡ್ಡದು. ಕೆಂಪು ಹಿಡಿಯ ಸ್ವಿಸ್ ಚಾಕುವನ್ನು ಮಾಡುವ ವಿಕ್ಟೋರಿನಾಕ್ಸ್ ತನ್ನ ಅಲಗನ್ನು 56ರ ಗಡಸಿಗೆ ತರುತ್ತದೆ. ಅದೇ ಚಾಕುವಿನ ಗರಗಸ, ಕತ್ತರಿ, ಅರಗಳು 53ಕ್ಕೆ, ಡಬ್ಬಿ ತೆರೆಯುವ ಕೊಕ್ಕೆ ಮತ್ತು ಸ್ಕ್ರೂಡ್ರೈವರ್ 52ಕ್ಕೆ, ಒಳಗಿನ ಸ್ಪ್ರಿಂಗ್ 49ಕ್ಕೆ. ಇಳಿಯುತ್ತ ಹೋಗುವ ಈ ಲೆಕ್ಕದಲ್ಲೇ ಅಲಗಿನ ಬಾಳಿಕೆಯ ಪಾಠವೆಲ್ಲ ಇದೆ ಎಂದು ನನಗನ್ನಿಸುತ್ತದೆ. ಕೊಯ್ಯುವುದು ಗಡುಸಾಗಿರಬೇಕು, ತಿರುಚುವುದು ಸ್ವಲ್ಪ ಮೆದುವಾಗಿರಬೇಕು, ಬಾಗಿ ಮರಳಿ ಬರುವುದು ಇನ್ನೂ ಮೆದುವಾಗಿರಬೇಕು. 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಖ್ ಎಂಬ ಊರಿನಲ್ಲಿ ಚಾಕು ಮಾಡಲು ಕುಳಿತ, ವಿಕ್ಟೋರಿನಾಕ್ಸ್ ಕಟ್ಟಿದ ಕಾರ್ಲ್ ಎಲ್ಸೆನರ್‌ಗೂ, ಲಾರಿಯ ಕಮಾನು ಪಟ್ಟೆ ಕಾಯಿಸಿ ಮಚ್ಚು ಹೊಡೆಯುವ ನಮ್ಮೂರ ಕಮ್ಮಾರರಿಗೂ ಹದದ ಗುಟ್ಟು ಒಂದೇ.

ಬಹುತೇಕ ಮಲ್ಟಿಟೂಲ್‌ಗಳದೂ ಇಷ್ಟೇ ಮಟ್ಟದ ಉಕ್ಕು. 1983ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಇಕ್ಕಳವನ್ನೂ ಚಾಕುವನ್ನೂ ಒಂದೇ ಹಿಡಿಯೊಳಗೆ ಮಡಚಿಟ್ಟ ಲೆದರ್‌ಮನ್ ಕಂಪನಿಯ ಸಾಮಾನ್ಯ ಮಾದರಿಗಳಲ್ಲಿ 420 ಎಚ್‌ಸಿ ಎಂಬ ಉಕ್ಕಿದೆ. ದುಬಾರಿ ಚಾಕುಗಳಲ್ಲಿ 60 ದಾಟಿದ ಉಕ್ಕೂ ಸಿಗುತ್ತದೆ. ಅದರ ಹರಿತ ಹೆಚ್ಚು ದಿನ ನಿಲ್ಲುತ್ತದೆ ನಿಜ. ಆದರೆ ಮೊಂಡಾದ ದಿನ ಮಾಮೂಲಿ ಸಾಣೆಕಲ್ಲಿಗೆ ಬಗ್ಗುವುದು ಕಷ್ಟ, ಕಲ್ಲಿಗೆ ತಾಗಿದರೆ ಚಕ್ಕೆ ಏಳುತ್ತದೆ. ತೋಟದ ಕೆಲಸಕ್ಕೆ 56ರ ಆಸುಪಾಸಿನ ಉಕ್ಕೇ ಸಾಕು, ಅದೇ ಮೇಲು ಎಂಬುದು ನನ್ನ ಅಭಿಪ್ರಾಯ. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಸರಿಹೋಗುತ್ತದೆ.

ಹೆಸರಿಲ್ಲದ ಚಾಕು ಕೊಂಡಿದ್ದರೆ ಒಂದು ಪರೀಕ್ಷೆ ಇದೆ. ಹೊಸ ಅರವೊಂದನ್ನು ತೆಗೆದುಕೊಂಡು ಅಲಗಿನ ಬುಡದ ಹತ್ತಿರ, ಬೆನ್ನಿನ ಮೇಲೆ ಹಗುರವಾಗಿ ಒಮ್ಮೆ ಎಳೆಯಿರಿ. ಅರ ಜಾರಿದಂತಾಗಿ ಕಷ್ಟಪಟ್ಟು ಕಚ್ಚಿದರೆ ಹದ ಸರಿಯಿದೆ. ಕಬ್ಬಿಣದ ಮೊಳೆಯನ್ನು ಉಜ್ಜಿದಂತೆ ಪುಡಿ ಉದುರಿದರೆ ಅದು ಚಾಕುವಿನ ಆಕಾರದ ತಗಡು. ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ, ಮುಂದಿನ ಹಂತಗಳು ಅದಕ್ಕೆ ಬೇಡ.

ಹಂತ 2: ಬಾಯಿ ಹೇಗೆ ಹೋಗಿದೆ ಎಂದು ನೋಡಿ

ಮೊಂಡಾಯಿತು ಎಂದು ಎಲ್ಲವನ್ನೂ ಒಂದೇ ಮಾತಿನಲ್ಲಿ ಹೇಳುತ್ತೇವೆ. ಚಾಕುವಿನ ಬಾಯಿ, ಅಂದರೆ ಕೊಯ್ಯುವ ಅಂಚು, ಹಾಳಾಗುವ ಬಗೆ ನಾಲ್ಕು, ಮದ್ದೂ ಬೇರೆ ಬೇರೆ. ಕಿಟಕಿಯ ಬಳಿ ನಿಂತು, ಬಾಯಿ ನಿಮ್ಮ ಕಣ್ಣಿನ ಕಡೆಗಿರುವಂತೆ ಚಾಕು ಹಿಡಿದು ನಿಧಾನವಾಗಿ ಓಲಾಡಿಸಿ. ಹರಿತವಾದ ಬಾಯಿ ಕಾಣುವುದೇ ಇಲ್ಲ, ಬೆಳಕು ಅದರ ಮೇಲೆ ನಿಲ್ಲುವುದಿಲ್ಲ. ಬಿಳಿ ಗೆರೆಯಂತೆ ಮಿನುಗುವ ಜಾಗವೆಲ್ಲ ಮೊಂಡು. ಉದ್ದಕ್ಕೂ ಒಂದೇ ಸಮನೆ ಮಿನುಗಿದರೆ ಸವೆತ. ಅಲ್ಲಲ್ಲಿ ಚುಕ್ಕೆಯಂತೆ ಮಿನುಗಿದರೆ ಚಕ್ಕೆ ಎದ್ದಿದೆ. ಗೆರೆ ಕಾಣದಿದ್ದರೂ ಕೊಯ್ಯುತ್ತಿಲ್ಲವೆಂದರೆ ಬಾಯಿ ಒಂದು ಕಡೆಗೆ ಮಡಚಿಕೊಂಡಿರುತ್ತದೆ. ಹೆಬ್ಬೆರಳ ಉಗುರನ್ನು ಬೆನ್ನಿನಿಂದ ಬಾಯಿಯ ಕಡೆಗೆ, ಹೊರಕ್ಕೆ ಜಾರಿಸಿ ನೋಡಿದರೆ ಒಂದು ಬದಿಯಲ್ಲಿ ಮಾತ್ರ ತಡೆಯುತ್ತದೆ. ನಾಲ್ಕನೆಯದು ತುಕ್ಕು, ಅದಕ್ಕೆ ಕನ್ನಡಕವೂ ಬೇಕಿಲ್ಲ.

ಮಡಚಿಕೊಂಡ ಬಾಯಿಗೆ ಕಲ್ಲು ಬೇಡ, ಹಳೆಯ ಚರ್ಮದ ಬೆಲ್ಟ್ ಸಾಕು. ಇದು ಗೊತ್ತಿಲ್ಲದೆ ಪ್ರತಿ ಸಲವೂ ಕಲ್ಲಿಗೆ ಓಡಿದರೆ ಉಕ್ಕನ್ನು ಸುಮ್ಮನೆ ತೇದು ಕಳೆದ ಹಾಗೆ.

ಹಂತ 3: ಏನನ್ನು ಕೊಯ್ಯುತ್ತೀರಿ, ಯಾವುದರ ಮೇಲೆ ಇಟ್ಟು ಕೊಯ್ಯುತ್ತೀರಿ

ಡ್ರಿಪ್ ಪೈಪು ಬೆಣ್ಣೆಯಂತೆ ಮೆದು. ಅದನ್ನು ಕೊಯ್ದು ಚಾಕು ಮೊಂಡಾಗುವುದು ಹೇಗೆ ಎಂದು ಮೊದಲ ವರ್ಷವೆಲ್ಲ ತಲೆ ಕೆಡಿಸಿಕೊಂಡಿದ್ದೆ. ಮೊಂಡು ಮಾಡುತ್ತಿದ್ದದ್ದು ಪೈಪಿಗೆ ಅಂಟಿದ ಮಣ್ಣು. ನಮ್ಮ ಕಡೆಯ ಮಣ್ಣಿನಲ್ಲಿ ಬೆಣಚುಕಲ್ಲಿನ ಕಣ ಇದ್ದೇ ಇರುತ್ತದೆ, ಕಲ್ಲು ಕ್ವಾರಿಗಳ ಹತ್ತಿರವಂತೂ ಗಾಳಿಯಲ್ಲೇ ಗ್ರಾನೈಟ್ ಪುಡಿ. ಬೆಣಚುಕಲ್ಲಿನ ಗಡಸುತನ, 1ರಿಂದ 10ರವರೆಗೆ ಎಣಿಸುವ ಮೋಸ್ ಮಾಪಕದಲ್ಲಿ, 7, ಚಾಕುವಿನ ಉಕ್ಕು ಅದಕ್ಕಿಂತ ಕೆಳಗೆ. ಮಣ್ಣು ಮೆತ್ತಿದ ಪೈಪನ್ನು ಕೊಯ್ಯುವುದೆಂದರೆ ಅಲಗನ್ನು ಮರಳುಕಾಗದದ ಮೇಲೆ ಎಳೆದಂತೆಯೇ. ಈಗ ಪೈಪನ್ನು ಅಂಗಿಯ ತುದಿಯಲ್ಲೋ ಒದ್ದೆ ಗೋಣಿಯಲ್ಲೋ ಒಮ್ಮೆ ಒರೆಸಿಯೇ ಕೊಯ್ಯುತ್ತೇನೆ. ಮೊದಲು ವಾರಕ್ಕೊಮ್ಮೆ ಮಸೆಯುತ್ತಿದ್ದವನು ಈಗ ಮೂರು ವಾರಕ್ಕೊಮ್ಮೆ ಮಸೆಯುತ್ತೇನೆ. ರಟ್ಟಿನ ಪೆಟ್ಟಿಗೆಯೂ ಇದೇ ಜಾತಿ. ಕಾಗದದ ಒಳಗೆ ಬೆರೆತ ಜೇಡಿಪುಡಿ ಮತ್ತು ಧೂಳು ಬಾಯಿಯನ್ನು ಮೆಲ್ಲಗೆ ತಿನ್ನುತ್ತವೆ. ದಿನವಿಡೀ ಪೆಟ್ಟಿಗೆ ಸೀಳುವ ಕೆಲಸವಿದ್ದರೆ ಮುರಿದು ಮುಂದೂಡುವ ಬ್ಲೇಡಿನ ಪೇಪರ್ ಕಟರ್ ಒಂದನ್ನು ಜೊತೆಗಿಟ್ಟುಕೊಳ್ಳಿ.

ಕೆಳಗೆ ಏನಿದೆ ಎಂಬುದನ್ನೂ ನೋಡಿ. ಸ್ಟೀಲ್ ತಟ್ಟೆಯ ಮೇಲೆ, ಪಿಂಗಾಣಿಯ ಮೇಲೆ, ಅಡುಗೆಕಟ್ಟೆಯ ಗ್ರಾನೈಟ್ ಮೇಲೆ ಇಟ್ಟು ಈರುಳ್ಳಿ ಹೆಚ್ಚಿದರೆ, ಈರುಳ್ಳಿ ಮುಗಿದು ತಟ್ಟೆ ತಾಗುವ ಆ ಕೊನೆಯ ಕ್ಷಣದಲ್ಲಿ ಬಾಯಿ ಮಡಚಿಕೊಳ್ಳುತ್ತದೆ. ಮರದ ಹಲಗೆಯೋ ಪ್ಲಾಸ್ಟಿಕ್ ಹಲಗೆಯೋ ಇರಲಿ. ತೋಟದಲ್ಲಾದರೆ ಬಾಳೆಯ ದಿಂಡೂ ಆಗುತ್ತದೆ.

ಹಣ್ಣುಗಳ ವಿಷಯದಲ್ಲಿ ಉಕ್ಕಿನ ಜಾತಿ ನೋಡಿಕೊಳ್ಳಬೇಕು. ಶ್ರೀನಿವಾಸಪುರದ ಮಾವಿನಕಾಯಿ, ನಿಂಬೆ, ಹುಣಸೆ ಇವುಗಳ ಹುಳಿ ಸ್ಟೇನ್‌ಲೆಸ್ ಅಲಗಿಗೆ ಅಷ್ಟೇನೂ ಮಾಡದು. ಕಾರ್ಬನ್ ಉಕ್ಕಿನ ಅಲಗು ಒಂದೇ ಮಾವಿನಕಾಯಿಗೆ ಬೂದುಗಪ್ಪಾಗುತ್ತದೆ. ಆ ಕಪ್ಪು ರೋಗವಲ್ಲ, ಕೆರೆಯಲು ಹೋಗಬೇಡಿ. ಅಲಗಿಗೆ ಅದೊಂದು ಹೊದಿಕೆಯಂತೆ ಕೂತು ಕೆಂಪು ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ. ತುಮಕೂರು ಕಡೆಯವರಿಗೆ ಹಲಸಿನ ಅಂಟಿನ ಕಷ್ಟ ಗೊತ್ತು. ಚೇಳೂರಿನ ಸಿದ್ದು ಹಲಸಾದರೇನು, ಬೇಲಿ ಪಕ್ಕದ ಹಲಸಾದರೇನು, ಅಂಟು ಅಂಟೇ. ಕೊಯ್ಯುವ ಮೊದಲು ಅಲಗಿನ ಎರಡೂ ಬದಿಗೆ ಕೊಬ್ಬರಿ ಎಣ್ಣೆ ಸವರಿ, ಕೊಯ್ದಾದ ಮೇಲೆ ಎಣ್ಣೆಯ ಬಟ್ಟೆಯಲ್ಲೇ ಒರೆಸಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ. ಮೊದಲೇ ನೀರು ಹಾಕಿದರೆ ಅಂಟು ಬಿಗಿಯುತ್ತದೆ. ಮಡಚುವ ಚಾಕುವಿನಲ್ಲಿ ಹಲಸು ಕೊಯ್ಯಬೇಡಿ ಎಂಬುದು ನನ್ನ ನೇರ ಸಲಹೆ. ಕೀಲಿನೊಳಗೆ ಅಂಟು ಹೋದರೆ ಒಂದು ಭಾನುವಾರ ಪೂರ್ತಿ ಹೋಯಿತು.

ತಂತಿಗೆ ಅಲಗು ತಾಗಿಸಲೇಬೇಡಿ, ಅದಕ್ಕೆ ಮಲ್ಟಿಟೂಲ್‌ನ ಇಕ್ಕಳದಲ್ಲಿ ಕತ್ತರಿಸುವ ಬಾಯಿ ಇದೆ. ಅದಕ್ಕೂ ಒಂದು ಮಿತಿ ಇದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರಕ್ಕೆ ಎಳೆಯುವ ದಪ್ಪ ಜಿಐ ತಂತಿ, ಬೈಕಿನ ಕ್ಲಚ್ ಕೇಬಲ್, ಸ್ಪ್ರಿಂಗ್ ತಂತಿ ಇವನ್ನು ಕಚ್ಚಿಸಿದರೆ ಇಕ್ಕಳದ ಬಾಯಿಯಲ್ಲಿ ಅರ್ಧಚಂದ್ರದ ಕಚ್ಚು ಬೀಳುತ್ತದೆ. ತಾಮ್ರದ ತಂತಿ, ಕಟ್ಟುವ ಮೆದು ತಂತಿಗೆ ಮಾತ್ರ ಬಳಸಿ. ತಂತಿ ಕೀಲಿನ ಬುಡಕ್ಕೆ ಹತ್ತಿರವಿದ್ದಷ್ಟೂ ಬಲ ಕಡಿಮೆ ಸಾಕು.

ಹಂತ 4: ಮೀಟಬೇಡಿ

ಹಂತ ಎನ್ನುವುದಕ್ಕಿಂತ ಇದು ಆಣೆ. ಕೊಯ್ಯುವಾಗ ಬಲ ಬಾಯಿಯಿಂದ ಬೆನ್ನಿನ ಕಡೆಗೆ, ಅಲಗಿನ ಅಗಲದುದ್ದಕ್ಕೂ ಹೋಗುತ್ತದೆ. ಆ ದಿಕ್ಕಿನಲ್ಲಿ ಅಲಗು ಬಲಶಾಲಿ. ಮೀಟುವಾಗ ಬಲ ಅಡ್ಡಲಾಗಿ ಬೀಳುತ್ತದೆ. ಆ ದಿಕ್ಕಿನಲ್ಲಿ ಇರುವುದು ಒಂದೆರಡು ಮಿಲಿಮೀಟರ್ ದಪ್ಪ ಮಾತ್ರ, ಮೊನೆಯಲ್ಲಿ ಅದೂ ಇಲ್ಲ. ಗಡಸು ಉಕ್ಕು ಬಾಗಿ ಎಚ್ಚರಿಸುವುದಿಲ್ಲ, ಟಕ್ಕೆಂದು ಹೋಗುತ್ತದೆ. ನನ್ನದು ಹೋದದ್ದು ಪಂಪ್‌ಸೆಟ್ ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳದಲ್ಲಿ. ಸ್ಕ್ರೂ ತುಕ್ಕು ಹಿಡಿದಿತ್ತು, ಸ್ಕ್ರೂಡ್ರೈವರ್ ಗಾಡಿಯಲ್ಲಿತ್ತು, ಗಾಡಿ ಐವತ್ತು ಹೆಜ್ಜೆ ದೂರದಲ್ಲಿತ್ತು. ಆ ಐವತ್ತು ಹೆಜ್ಜೆಯ ಸೋಮಾರಿತನಕ್ಕೆ ಮೂರು ಮಿಲಿಮೀಟರ್ ಮೊನೆ ಬೆಲೆಯಾಯಿತು. ತಿಪಟೂರಿನ ನೆಂಟರೊಬ್ಬರು ಗಿಟಕಿನಿಂದ ಕೊಬ್ಬರಿ ಬಿಡಿಸಲು ಅಲಗನ್ನು ಚಿಪ್ಪಿನ ಸಂದಿಗೆ ತೂರಿಸಿ ತಿರುಚುತ್ತಾರೆ. ಅಲ್ಲಿ ಮೊನೆ ಉಳಿದರೂ ಕೀಲು ಸಡಿಲವಾಗುತ್ತದೆ.

ಮೊನೆ ಮುರಿದರೆ ಚಾಕು ಎಸೆಯಬೇಕಿಲ್ಲ. ಆದರೆ ಬಹಳ ಜನ ರಿಪೇರಿಯಲ್ಲಿ ತಪ್ಪುತ್ತಾರೆ. ಬಾಯಿಯ ಕಡೆಯಿಂದ ತೇದು ಮೊನೆ ತರಲು ಹೋದರೆ ಹರಿತದ ಉದ್ದಕ್ಕೂ ಉಕ್ಕು ಹೋಗುತ್ತದೆ. ಹಾಗಲ್ಲದೆ ಬೆನ್ನಿನ ಕಡೆಯಿಂದ ತೇಯಿರಿ. ಮುರಿದ ಜಾಗದ ಹಿಂದಿನ ಬೆನ್ನನ್ನು ದಪ್ಪ ಕಲ್ಲಿನ ಮೇಲೆ ಇಳಿಜಾರಾಗಿ ಉಜ್ಜುತ್ತ ಹೋದರೆ, ಬೆನ್ನೇ ಬಾಗಿ ಬಂದು ಬಾಯಿಯನ್ನು ಸೇರುತ್ತದೆ. ಅಲ್ಲಿ ಹೊಸ ಮೊನೆ. ಇದರಲ್ಲಿ ಇನ್ನೊಂದು ಲಾಭವಿದೆ. ಹೀಗೆ ಮಾಡಿದ ಮೊನೆ ಚಾಕು ಮಡಚಿದಾಗ ಹಿಡಿಯ ಒಳಗೇ ಕೂರುತ್ತದೆ. ಬಾಯಿಯ ಕಡೆ ತೇದ ಚಾಕುವಿನ ಮೊನೆ ಹಿಡಿಯಿಂದ ಹೊರಗೆ ಇಣುಕಿ, ಜೇಬಿಗೆ ಕೈ ಹಾಕಿದವರ ಬೆರಳು ಸೀಳುತ್ತದೆ. ನನಗೆ ಕಲ್ಲಿನ ಮೇಲೆ ನಲವತ್ತು ನಿಮಿಷ ಹಿಡಿಯಿತು. ಅಲಗು ನಾಲ್ಕು ಮಿಲಿಮೀಟರ್ ಗಿಡ್ಡವಾಗಿದೆ, ಕೆಲಸದಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ.

ಹಂತ 5: ಮಸೆಯುವುದು

ಇಲ್ಲಿ ನಿಧಾನವಾಗಿ ಹೋಗೋಣ, ಬಾಳಿಕೆ ನಿಂತಿರುವುದು ಇದರ ಮೇಲೆ.

ಬೇಕಾದ ಸಾಮಾನು ದುಬಾರಿಯದಲ್ಲ. ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಾರ್ಬೊರಂಡಮ್ ಕಲ್ಲು ಒಂದು. ವಾಹನಗಳ ಪೇಂಟ್ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್, 1000 ಮತ್ತು 2000 ನಂಬರಿನದು, ಒಂದೊಂದು ಹಾಳೆ. ಮತ್ತು ಒಂದು ಗ್ರಾನೈಟ್ ತುಂಡು. ಅಡುಗೆಕಟ್ಟೆಗೆ ಕೊಯ್ದು ಉಳಿದ ಪಾಲಿಶ್ ಗ್ರಾನೈಟ್ ಚೂರುಗಳು ನಮ್ಮ ಜಿಲ್ಲೆಗಳಲ್ಲಿ ಸ್ಲ್ಯಾಬ್ ಅಂಗಡಿಗಳ ಹಿಂದೆ ರಾಶಿ ಬಿದ್ದಿರುತ್ತವೆ. ಕೇಳಿದರೆ ಸುಮ್ಮನೆ ಕೊಡುತ್ತಾರೆ. ಅಷ್ಟು ಸಮತಟ್ಟಾದ ಮೇಲ್ಮೈ ಮನೆಯಲ್ಲಿ ಬೇರೆ ಸಿಗದು. ಅದರ ಮೇಲೆ ನೀರು ಚಿಮುಕಿಸಿ ವಾಟರ್ ಪೇಪರ್ ಹಾಸಿದರೆ ತಾನಾಗಿ ಅಂಟಿಕೊಳ್ಳುತ್ತದೆ. ಹೆಸರಾಂತ ವಿದೇಶಿ ಕಲ್ಲಿಗೆ ಸಾವಿರಾರು ರೂಪಾಯಿ ಕೊಟ್ಟವರನ್ನು ಬಲ್ಲೆ. ಅವರ ಚಾಕುವಿಗಿಂತ ನನ್ನ ಚಾಕು ಕಡಿಮೆ ಕೊಯ್ಯುವುದಿಲ್ಲ.

ಕೋನ ಮುಖ್ಯ. ಜೇಬಿನ ಚಾಕುವಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ. ಕೋನಮಾಪಕ ಬೇಕಿಲ್ಲ, ಲೆಕ್ಕ ಸುಲಭ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ, ಬೆನ್ನನ್ನು ಅಲಗಿನ ಅಗಲದ ಮೂರನೇ ಒಂದು ಭಾಗದಷ್ಟು ಮೇಲೆತ್ತಿದರೆ ಸುಮಾರು 20 ಡಿಗ್ರಿ ಆಗುತ್ತದೆ. ನಾಲ್ಕನೇ ಒಂದು ಭಾಗದಷ್ಟು ಎತ್ತಿದರೆ ಸುಮಾರು 15. ನನ್ನ 12 ಮಿಲಿಮೀಟರ್ ಅಲಗಿಗೆ 4 ಮಿಲಿಮೀಟರ್ ಎತ್ತರ. ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟು ಆ ಎತ್ತರ ಬರುವಂತೆ ಮಾಡಿ, ಬೆನ್ನನ್ನು ಅದಕ್ಕೆ ತಾಗಿಸಿ ನೋಡಿಕೊಳ್ಳಿ. ನಾಲ್ಕು ದಿನಕ್ಕೆ ಕೈಗೆ ಆ ಎತ್ತರ ಅಭ್ಯಾಸವಾಗುತ್ತದೆ. ಕಡ್ಡಿ, ದಪ್ಪ ಪೈಪು ಕಾಣುವ ಚಾಕುವಿಗೆ 20 ಇರಲಿ, ಹಣ್ಣು ತರಕಾರಿಗೆ ಮಾತ್ರವಾದರೆ 15.

ಕೋನ ಸರಿಯಿದೆಯೇ ಎಂದು ತಿಳಿಯಲು ಕಪ್ಪು ಮಾರ್ಕರ್ ಪೆನ್ನಿನಿಂದ ಬಾಯಿಯ ಇಳಿಜಾರಿಗೆ ಬಣ್ಣ ಬಳಿಯಿರಿ. ನಾಲ್ಕು ಸಲ ಮಸೆದು ನೋಡಿ. ಬಣ್ಣ ಪೂರ್ತಿ ಹೋಗಿದ್ದರೆ ಸರಿ. ಮೇಲಂಚಿನಲ್ಲಿ ಮಾತ್ರ ಹೋಗಿದ್ದರೆ ಬೆನ್ನನ್ನು ಇನ್ನಷ್ಟು ಎತ್ತಬೇಕು, ತೀರ ತುದಿಯಲ್ಲಿ ಮಾತ್ರ ಹೋಗಿದ್ದರೆ ಇಳಿಸಬೇಕು.

ಈಗ ಮಸೆತ. ಚಕ್ಕೆ ಎದ್ದಿದ್ದರೆ ಮಾತ್ರ ಕಲ್ಲಿನ ಒರಟು ಮುಖದಿಂದ ಶುರುಮಾಡಿ, ಇಲ್ಲದಿದ್ದರೆ ನೇರವಾಗಿ ನಯ ಮುಖಕ್ಕೆ ಹೋಗಿ. ಕಲ್ಲಿಗೆ ನೀರು ಕುಡಿಸಿ. ಅಲಗನ್ನು ಬುಡದಿಂದ ಮೊನೆಯವರೆಗೆ, ಕಲ್ಲಿನಿಂದ ತೆಳುವಾದ ಪದರವೊಂದನ್ನು ಕೊಯ್ದು ತೆಗೆಯುವಂತೆ, ಬಾಯಿ ಮುಂದಾಗಿ ತಳ್ಳಿ. ಒಂದೇ ಬದಿಯನ್ನು ಮಸೆಯುತ್ತಿರಿ. ಸ್ವಲ್ಪ ಹೊತ್ತಿಗೆ ಎದುರು ಬದಿಯಲ್ಲಿ ಉಗುರಿಗೆ ತಡೆಯುವ ಸಣ್ಣ ಅಂಚೊಂದು ಏಳುತ್ತದೆ. ಲೇತ್ ಅಂಗಡಿಯವರು ಇದನ್ನು ಬರ್ ಎನ್ನುತ್ತಾರೆ. ಬುಡದಿಂದ ಮೊನೆಯವರೆಗೆ ಎಲ್ಲ ಕಡೆಯೂ ಬರ್ ಎದ್ದಿದೆ ಎಂದು ಖಾತ್ರಿಯಾದ ಮೇಲೆಯೇ ಬದಿ ಬದಲಿಸಿ. ಹೊಸಬರ ಚಾಕು ಹರಿತವಾಗದಿರಲು ಹತ್ತಕ್ಕೆ ಒಂಬತ್ತು ಸಲ ಕಾರಣ ಇದೇ. ಬರ್ ಏಳುವ ಮೊದಲೇ ಬದಿ ಬದಲಿಸಿರುತ್ತಾರೆ, ಎರಡು ಇಳಿಜಾರುಗಳು ಒಂದನ್ನೊಂದು ಮುಟ್ಟಿಯೇ ಇರುವುದಿಲ್ಲ.

ಎರಡೂ ಬದಿ ಆದ ಮೇಲೆ 1000ದ ಪೇಪರ್, ನಂತರ 2000. ಪೇಪರಿನ ಮೇಲೆ ಮಾತ್ರ ದಿಕ್ಕು ತಿರುಗಿಸಿ. ಬಾಯಿ ಹಿಂದಾಗಿ, ಬೆನ್ನು ಮುಂದಾಗಿ ಎಳೆಯಬೇಕು, ಇಲ್ಲದಿದ್ದರೆ ಪೇಪರ್ ಸೀಳುತ್ತದೆ. ಇಲ್ಲಿ ಒಂದು ಬದಿ, ಒಡನೆ ಇನ್ನೊಂದು ಬದಿ, ಒತ್ತಡ ಕಡಿಮೆ ಮಾಡುತ್ತ ಮಾಡುತ್ತ ಕೊನೆಗೆ ಚಾಕುವಿನ ಸ್ವಂತ ಭಾರ ಮಾತ್ರ. ಉಳಿದ ಬರ್ ಚರ್ಮದ ಬೆಲ್ಟಿನ ಒಳಬದಿಗೆ ಹತ್ತು ಸಲ ಎಳೆದರೆ ಹೋಗುತ್ತದೆ.

ಪರೀಕ್ಷೆಗೆ ಬೆರಳು ಬೇಡ. ಕೋಲಾರದಲ್ಲಿ ಟೊಮೆಟೊಗೆ ಬರವೇ? ಚೆನ್ನಾಗಿ ಹಣ್ಣಾದ ಒಂದನ್ನು ಹಲಗೆಯ ಮೇಲಿಡಿ. ಅಲಗನ್ನು ಅದರ ಮೇಲಿಟ್ಟು ಒತ್ತದೆ ಹಿಂದಕ್ಕೆ ಎಳೆಯಿರಿ. ಸಿಪ್ಪೆ ತಾನಾಗಿ ಬಿರಿದರೆ ಕೆಲಸ ಮುಗಿಯಿತು. ಸಿಪ್ಪೆ ತಗ್ಗಾಗಿ, ಅಲಗು ಜಾರಿದರೆ ಬರ್ ಇನ್ನೂ ಉಳಿದಿದೆ, ಬೆಲ್ಟಿಗೆ ಮರಳಿ.

ಮಲ್ಟಿಟೂಲ್‌ನ ಹಲ್ಲಿನ ಅಲಗಿಗೆ ಕಲ್ಲು ಹೊಂದುವುದಿಲ್ಲ. ಡ್ರಿಲ್ ಬಿಟ್‌ನ ನಯವಾದ ಬುಡಕ್ಕೆ 1000ದ ಪೇಪರ್ ಸುತ್ತಿ, ಇಳಿಜಾರಿರುವ ಬದಿಯಲ್ಲಿ ಒಂದೊಂದೇ ಹಲ್ಲನ್ನು ಉಜ್ಜಿ. ಚಪ್ಪಟೆ ಬದಿಯನ್ನು ಪೇಪರಿನ ಮೇಲೆ ಒಮ್ಮೆ ಮಲಗಿಸಿ ಎಳೆದರೆ ಸಾಕು. ಮಾವಿಗೆ ಕಸಿ ಕಟ್ಟುವ ಚಾಕುವಿನದೂ ಒಂದೇ ಬದಿಯ ಇಳಿಜಾರು. ಅದನ್ನು ಎರಡು ಕಡೆ ಮಸೆದರೆ ಕಡ್ಡಿಯ ಕೊಯ್ತ ಸಮತಟ್ಟಾಗದೆ ಕಸಿ ಕೂಡುವುದಿಲ್ಲ.

ಆ 0.8 ಮಿಲಿಮೀಟರ್

ಏಳನೆಯ ವರ್ಷ, ಸಂತೆಯ ದಿನ. ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಬರುವ ಒಬ್ಬ ತಾತನ ಸುತ್ತ ಹೆಂಗಸರು ಈಳಿಗೆ, ಕುಡುಗೋಲು ಹಿಡಿದು ನಿಂತಿದ್ದರು. ಆ ವಾರ ನನಗೆ ಮಸೆಯಲು ಪುರಸೊತ್ತಾಗಿರಲಿಲ್ಲ. ‘ತಾತ, ಇದನ್ನೂ ಒಂದು ಕೈ ನೋಡಿ’ ಎಂದು ಕೊಟ್ಟೆ. ‘ಕೊಡಪ್ಪ, ಗಡ್ಡ ಕೆರೆಯುವ ಹಾಗೆ ಮಾಡಿಕೊಡುತ್ತೇನೆ’ ಎಂದರು. ಕಿಡಿ ಹಾರಿತು. ಎರಡು ನಿಮಿಷದಲ್ಲಿ ಚಾಕು ಕೈಗೆ ಬಂತು, ಬಿಸಿಯಾಗಿತ್ತು, ಬಾಯಿಯ ಅಂಚಿನಲ್ಲಿ ಜೇನಿನ ಬಣ್ಣದ ಗೆರೆಯಿತ್ತು, ಮೊನೆಯ ಹತ್ತಿರ ಅದು ನೀಲಿಗೆ ತಿರುಗಿತ್ತು. ನಿಜವಾಗಿಯೂ ಹರಿತವಾಗಿತ್ತು. ಮೂರನೆಯ ದಿನಕ್ಕೆ ಮೊಂಡು. ಮಸೆದೆ, ಮತ್ತೆ ಎರಡೇ ದಿನ.

ಆ ಬಣ್ಣಗಳ ಅರ್ಥ ಆಗ ತಿಳಿದಿರಲಿಲ್ಲ. ಉಕ್ಕು ಬಿಸಿಯಾದಾಗ ಮೇಲೆ ತೆಳ್ಳನೆಯ ಆಕ್ಸೈಡ್ ಪದರ ಬೆಳೆಯುತ್ತದೆ, ಶಾಖ ಏರಿದಂತೆ ಬಣ್ಣ ಹುಲ್ಲಿನ ಹಳದಿಯಿಂದ ಕಂದು, ನೇರಳೆ, ನೀಲಿಗೆ ಹೋಗುತ್ತದೆ. ಸಾದಾ ಕಾರ್ಬನ್ ಉಕ್ಕಿನಲ್ಲಿ ನೀಲಿ ಎಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್. ಸ್ಟೇನ್‌ಲೆಸ್‌ನಲ್ಲಿ ಬಣ್ಣ ಬರಲು ಅದಕ್ಕಿಂತ ಹೆಚ್ಚಿನ ಶಾಖ ಬೇಕು. ಕಾರ್ಖಾನೆಯಲ್ಲಿ ಕೊಟ್ಟ ಹದ ಆ ಅಂಚಿನಲ್ಲಿ ಬಿಟ್ಟುಹೋಗಿತ್ತು. ಹದ ತಪ್ಪಿದ ಅಂಚನ್ನು ಕಲ್ಲಿನಲ್ಲಿ ತೇದು ತೆಗೆದ ಮೇಲೆಯೇ ಹರಿತ ಮತ್ತೆ ನಿಂತದ್ದು. ಚಕ್ರ ತಿಂದದ್ದು, ಅದರ ಹಿಂದೆ ನಾನು ತೇಯಬೇಕಾಗಿ ಬಂದದ್ದು, ಎರಡೂ ಸೇರಿ 0.8. ನನ್ನ ಕೈಮಸೆತದ ಲೆಕ್ಕದಲ್ಲಿ ಅದು ಹದಿನಾರು ವರ್ಷದ ಉಕ್ಕು.

ಆ ತಾತನ ಮೇಲೆ ನನಗೆ ಕೋಪವಿಲ್ಲ. ಮಚ್ಚು, ಈಳಿಗೆ, ಗುದ್ದಲಿಗೆ ಚಕ್ರವೇ ಸರಿ. ಅವುಗಳ ಮೈ ದಪ್ಪ, ಶಾಖವನ್ನು ನುಂಗಿಕೊಳ್ಳುತ್ತವೆ. ತೆಳ್ಳನೆಯ ಅಲಗನ್ನು ಚಕ್ರಕ್ಕೆ ಕೊಡಲೇಬೇಕಾದರೆ ಪಕ್ಕದಲ್ಲಿ ನೀರಿನ ಡಬ್ಬ ಇಟ್ಟು, ಪ್ರತಿ ಸಲ ತಾಗಿಸಿದ ಮೇಲೆ ಅದ್ದಲು ಹೇಳಿ. ಅಲಗು ಬರಿಗೈಯಲ್ಲಿ ಮುಟ್ಟಲಾಗದಷ್ಟು ಬಿಸಿಯಾಗಲೇಬಾರದು.

ಹಂತ 6: ಕೀಲು, ಎಣ್ಣೆ, ತುಕ್ಕು

ತಿಂಗಳಿಗೊಮ್ಮೆ ಎಲ್ಲ ಅಲಗುಗಳನ್ನೂ ಸಾಧನಗಳನ್ನೂ ಅರ್ಧ ಬಿಡಿಸಿ, ಬಿಸಿನೀರು ಮತ್ತು ಪಾತ್ರೆ ಸೋಪಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಕೀಲುಗಳನ್ನು ಉಜ್ಜಿ. ನೀರಿನೊಳಗೇ ಹತ್ತು ಸಲ ಮಡಚಿ ಬಿಡಿಸಿ, ಕರಕರ ಸದ್ದು ನಿಲ್ಲುವವರೆಗೆ. ಆ ಸದ್ದು ಮರಳಿನದು. ಬಿಸಿಲಿಗೆ ಒಣಗಿಸಿ, ಒಂದೊಂದು ಕೀಲಿಗೆ ಒಂದೇ ಹನಿ ಎಣ್ಣೆ ಬಿಡಿ. ಹೆಚ್ಚಾದರೆ ಎಣ್ಣೆಯೇ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಮರದ ಹಿಡಿಯ ಚಾಕುವನ್ನು ನೀರಿನಲ್ಲಿ ನೆನೆಸಬೇಡಿ, ಮರ ಉಬ್ಬಿ ಅಲಗು ಕಚ್ಚಿಕೊಳ್ಳುತ್ತದೆ.

ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಳ್ಳೆಯದು. ಚಾಕುವಿನಲ್ಲಿ ಹಣ್ಣು ಹೆಚ್ಚುವವರು ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಹಾಕಬಹುದು. ಕೊಬ್ಬರಿ ಎಣ್ಣೆ ಕೀಲಿಗೆ ಬೇಡ. 24 ಡಿಗ್ರಿಯ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ಚಾಕು ಬಿಡಿಸಲು ಉಗುರು ಮುರಿದುಕೊಂಡಾಗ ಇದು ನೆನಪಾಗುತ್ತದೆ. ದಿನ ಕಳೆದರೆ ಕಮಟಾಗಿ ಅಂಟೂ ಆಗುತ್ತದೆ.

ಸ್ಟೇನ್‌ಲೆಸ್ ಎಂದರೆ ತುಕ್ಕು ಹಿಡಿಯುವುದೇ ಇಲ್ಲ ಎಂದು ನಂಬಬೇಡಿ. ಅದನ್ನು ಕಾಯುವುದು ಕ್ರೋಮಿಯಂನ ಕಣ್ಣಿಗೆ ಕಾಣದ ಪದರ, ಆ ಪದರಕ್ಕೆ ಕ್ಲೋರೈಡ್ ಶತ್ರು. ಡ್ರಿಪ್ ನಳಿಕೆ ಕಟ್ಟಿಕೊಂಡಾಗ ಹಾಯಿಸುವ ಹೈಡ್ರೊಕ್ಲೋರಿಕ್ ಆಮ್ಲದ ಕ್ಯಾನನ್ನೂ ಮಲ್ಟಿಟೂಲನ್ನೂ ಒಂದೇ ಚೀಲದಲ್ಲಿ ರಾತ್ರಿಯಿಡೀ ಬಿಟ್ಟಿದ್ದೆ. ಮುಚ್ಚಳ ಬಿಗಿಯಾಗಿಯೇ ಇತ್ತು. ಬೆಳಿಗ್ಗೆ ಇಕ್ಕಳದ ಮೇಲೆಲ್ಲ ಅರಿಶಿನ ಬಣ್ಣದ ತುಕ್ಕು, ಅಲಗಿನ ಮೇಲೆ ಸೂಜಿ ಚುಚ್ಚಿದಂತಹ ಕುಳಿಗಳು. ಆವಿಯಷ್ಟೇ ಸಾಕಾಗಿತ್ತು. ಬ್ಲೀಚಿಂಗ್ ಪೌಡರ್, ಕೆಂಪು ಪೊಟ್ಯಾಷ್ ಗೊಬ್ಬರ, ಉಪ್ಪು ಇವೂ ಇದೇ ಕೆಲಸ ಮಾಡುತ್ತವೆ. ಗೊಬ್ಬರದ ಚೀಲ ಸೀಳಿದ ಅಲಗನ್ನು ಅಲ್ಲೇ ತೊಳೆದು ಒರೆಸಿ. ಮೇಲ್ಮೈಯ ತುಕ್ಕು ಅಡುಗೆ ಸೋಡಾ ಮತ್ತು ನೀರಿನ ಕಲಸಿನಿಂದ ಹೋಗುತ್ತದೆ. ಕುಳಿ ಮಾತ್ರ ಹೋಗುವುದಿಲ್ಲ.

ಹಂತ 7: ಸವೆದ ಅಲಗನ್ನು ತೆಳುವಾಗಿಸುವುದು

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅಲಗು ಬೆನ್ನಿನಲ್ಲಿ ದಪ್ಪ, ಬಾಯಿಯ ಕಡೆಗೆ ತೆಳು. ವರ್ಷಾನುಗಟ್ಟಲೆ ಮಸೆದಂತೆ ಬಾಯಿ ಹಿಂದೆ ಸರಿಯುತ್ತ ದಪ್ಪ ಭಾಗಕ್ಕೆ ಬರುತ್ತದೆ. ಕೋನ ಅದೇ 20 ಇದ್ದರೂ, ಟೊಮೆಟೊ ಸಿಪ್ಪೆ ಬಿರಿದರೂ, ಕ್ಯಾರೆಟ್ ಮಾತ್ರ ಕೊಯ್ಯದೆ ಸೀಳಿಹೋಗುತ್ತದೆ. ಉಕ್ಕು ಹಳತಾಯಿತು ಎಂದು ಜನ ಹೊಸದನ್ನು ಕೊಳ್ಳುವುದು ಈ ಹಂತದಲ್ಲಿ. ಬೆನ್ನನ್ನು ಮಾಮೂಲಿಗಿಂತ ಬಹಳ ಕೆಳಗೆ, ಅಗಲದ ಆರನೇ ಒಂದು ಭಾಗದಷ್ಟು ಎತ್ತರಕ್ಕೆ ಇಳಿಸಿ, ಸುಮಾರು ಹತ್ತು ಡಿಗ್ರಿಯಲ್ಲಿ ಬಾಯಿಯ ಹಿಂದಿನ ಹೆಗಲನ್ನು ತೇಯಿರಿ. ಬಾಯಿಯನ್ನು ಮುಟ್ಟುವ ಹಂತಕ್ಕೆ ಬಂದಾಗ ನಿಲ್ಲಿಸಿ, ಮೇಲೆ 20 ಡಿಗ್ರಿಯಲ್ಲಿ ನಾಲ್ಕು ಸಲ ಎಳೆದರೆ ಮುಗಿಯಿತು. ಅಲಗಿನ ಪಕ್ಕದಲ್ಲಿ ಗೀರು ಬೀಳುತ್ತದೆ. ಅಂದ ಬೇಕೆನ್ನುವವರು ಬೇಸರಿಸಿಕೊಳ್ಳಬಹುದು, ನಾನು ಎರಡು ಸಲ ಮಾಡಿದ್ದೇನೆ.

ಅಲಗಿನ ಬುಡದಲ್ಲಿ ಕೂದಲಿನಂತಹ ಬಿರುಕು ಕಂಡರೆ, ಲಾಕ್ ಇರುವ ಚಾಕುವಿನಲ್ಲಿ ಲಾಕ್ ಬಿದ್ದ ಮೇಲೂ ಬೆನ್ನನ್ನು ಒತ್ತಿದಾಗ ಅಲಗು ಮಡಚಿಕೊಂಡರೆ, ಆ ಚಾಕುವಿನ ಕೆಲಸ ಮುಗಿದಂತೆ. ಬೆರಳಿಗಿಂತ ಚಾಕು ದುಬಾರಿಯಲ್ಲ. ಲಾಕ್ ಇಲ್ಲದ, ಸ್ಪ್ರಿಂಗ್ ಮಾತ್ರ ಇರುವ ಚಾಕುವಿನಲ್ಲಿ ಚುಚ್ಚುವ ಕೆಲಸ ಮೊದಲ ದಿನದಿಂದಲೂ ಬೇಡ. ದೇವನಹಳ್ಳಿಯಿಂದ ವಿಮಾನ ಹತ್ತುವ ದಿನ ಚಾಕುವನ್ನೂ ಮಲ್ಟಿಟೂಲನ್ನೂ ಲಗೇಜಿಗೆ ಹಾಕುವ ಪೆಟ್ಟಿಗೆಯಲ್ಲಿಡಿ. ಕೈಚೀಲದಲ್ಲಿ ಸಿಕ್ಕರೆ ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಹನ್ನೊಂದು ವರ್ಷ ಕಾಪಾಡಿದ್ದು ಅಲ್ಲಿಗೆ ಹೋಯಿತು.

ಇನ್ನು ಆಯುಧಪೂಜೆ. ಅಳತೆ ಬರೆದಾದ ಮೇಲೆ ಅಲಗಿಗೆ ತೆಳ್ಳಗೆ ಎಣ್ಣೆ ಸವರಿ, ನಂತರ ಅರಿಶಿನ ಕುಂಕುಮ ಇಡಿ. ಬೊಟ್ಟನ್ನು ಅಲಗಿಗಿಂತ ಹಿಡಿಗೆ ಇಡುವುದು ಇನ್ನೂ ಒಳ್ಳೆಯದು. ನಿಂಬೆಹಣ್ಣು ಕೊಯ್ಯುವುದಿದ್ದರೆ ಅಡುಗೆಮನೆಯ ಚಾಕುವಿನಲ್ಲಿ ಕೊಯ್ಯಿರಿ. ಹುಳಿ ಮತ್ತು ಒದ್ದೆ ಕುಂಕುಮ ಎರಡು ದಿನ ಹಾಗೇ ಕೂತರೆ ಸ್ಟೇನ್‌ಲೆಸ್ ಮೇಲೂ ಬೊಟ್ಟಿನ ಆಕಾರದ ಕಲೆ ಉಳಿಯುತ್ತದೆ. ನನ್ನ ಅಲಗಿನ ಬುಡದಲ್ಲಿ ಅಂಥದ್ದೊಂದು ಇದೆ, ಮೂರನೆಯ ವರ್ಷದ್ದು. ಸಾಧನಗಳನ್ನು ವಿಜಯದಶಮಿಯ ಬೆಳಿಗ್ಗೆ ಎತ್ತುವುದು ನಮ್ಮ ಮನೆಯ ಪದ್ಧತಿ. ಎತ್ತಿದ ಕೂಡಲೇ ಮೊದಲು ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಜೇಬಿಗೆ ಹಾಕುತ್ತೇನೆ.